ಮೇದಾರ ಸಾವಂತ್ರೆವ್ವನ ಹೆಡಿಗೆ

ಬಹಳ ಹಿಂದೆ, ಹೊಳೆಯ ದಂಡೆಯ ಒಂದು ಊರಿನಲ್ಲಿ ಸಾವಂತ್ರೆವ್ವ ಎಂಬ ಮೇದಾರ ಹೆಂಗಸು ಇದ್ದಳಂತೆ. ಎಷ್ಟು ಹಿಂದೆ ಎಂದು ಕೇಳಬೇಡಿ. ಈ ಕತೆ ಹೇಳಿದ ಮುದುಕಿಗೂ ಗೊತ್ತಿರಲಿಲ್ಲ, ಆ ಮುದುಕಿಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಆಗ ಎರೆಹೊಲದಲ್ಲಿ ಜೋಳ ಎರಡಾಳು ಎತ್ತರ ಬೆಳೆಯುತ್ತಿತ್ತು ಎನ್ನುತ್ತಾರೆ. ಆಗಲೂ ಕೆಲವರ ಮನೆಯ ಗಡಿಗೆ ಖಾಲಿ ಇರುತ್ತಿತ್ತು ಎನ್ನುತ್ತಾರೆ. ಮೊದಲನೆಯ ಮಾತನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಎರಡನೆಯದಕ್ಕೆ ಯಾರ ಸಾಕ್ಷಿಯೂ ಬೇಕಾಗಿಲ್ಲ.

ಸಾವಂತ್ರೆವ್ವ ಬಿದಿರು ಸೀಳಿ ಬದುಕಿದವಳು. ಕಾಳು ಕೇರುವ ಮೊರ ಅವಳದು, ರೊಟ್ಟಿ ಇಡುವ ಬುಟ್ಟಿ ಅವಳದು, ಕೋಳಿ ಮುಚ್ಚುವ ಬುಟ್ಟಿಯೂ ಅವಳದೇ. ಉಳ್ಳವರ ಮನೆಯಲ್ಲಿ ವರ್ಷದ ಜೋಳ ತುಂಬಿಡುವ ಆಳೆತ್ತರದ ಕಣಜ ಇರುತ್ತಿತ್ತಲ್ಲ, ಅದನ್ನು ಹೆಣೆದವಳೂ ಅವಳೇ. ಹೀಗಾಗಿ ಯಾವ ಮನೆಯಲ್ಲಿ ಎಷ್ಟು ಕಣಜ, ಯಾವ ಮನೆಯಲ್ಲಿ ಕಣಜವೇ ಇಲ್ಲ ಎನ್ನುವುದು ಅವಳಿಗೆ ಕೇಳದೆಯೇ ತಿಳಿದಿತ್ತು. ತಿಳಿದಿದ್ದರೂ ಅದರ ಬಗ್ಗೆ ಅವಳು ಬಹಳ ಕಾಲ ಏನೂ ಯೋಚಿಸಿರಲಿಲ್ಲವಂತೆ.

ಆ ಊರಿಗೆ ಒಂದು ಹಗೇವು ಇತ್ತು. ಹಗೇವು ಎಂದರೆ ನೆಲದೊಳಗೆ ತೋಡಿದ ಕಾಳಿನ ಗುಂಡಿ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಒಂದು ಕೋಣೆಯಷ್ಟು ಹೊಟ್ಟೆ. ಹನುಮಪ್ಪನ ಗುಡಿಯ ಮುಂದಿದ್ದ ಈ ಹಗೇವು ಯಾರೊಬ್ಬರದೂ ಅಲ್ಲ, ಊರದು. ಸುಗ್ಗಿಯಲ್ಲಿ ಎಲ್ಲರೂ ಅದನ್ನು ತುಂಬಬೇಕು. ಮಳೆಗಾಲ ಬಂದು ಯಾರ ಮನೆಯಲ್ಲಿ ಕಾಳು ತೀರುತ್ತದೋ ಅವರು ಬಂದು ಒಯ್ಯಬೇಕು. ಒಯ್ಯುವವರನ್ನು ಯಾಕೆ ಎಂದು ಕೇಳುವ ಪದ್ಧತಿ ಇರಲಿಲ್ಲ.

ತುಂಬುವುದಕ್ಕೂ ಒಂದು ಪದ್ಧತಿ ಇತ್ತು, ಮನೆಗೊಂದು ಹೆಡಿಗೆ, ಎಂದರೆ ಒಂದು ದೊಡ್ಡ ಬುಟ್ಟಿ ಜೋಳ. ಪ್ರತಿ ವರ್ಷ ಸುಗ್ಗಿಗೆ ಮೊದಲು ಸಾವಂತ್ರೆವ್ವ ಒಂದು ಹೊಸ ಹೆಡಿಗೆ ಹೆಣೆದು ಗುಡಿಯ ಕಟ್ಟೆಯ ಮೇಲೆ ಇಡುತ್ತಿದ್ದಳು. ಎಲ್ಲರ ಮನೆಯ ಜೋಳವೂ ಆ ಒಂದೇ ಹೆಡಿಗೆಯಲ್ಲಿ ಬರಬೇಕು. ಏಳು ಕಣಜದ ದುಂಡನಗೌಡನ ಮನೆಯಿಂದ ಒಂದು ಹೆಡಿಗೆ, ಅವನ ಹೊಲದಲ್ಲಿ ಕೂಲಿ ಮಾಡಿ ಕಾಳು ತಂದವರ ಮನೆಯಿಂದಲೂ ಒಂದು ಹೆಡಿಗೆ. ನಮ್ಮೂರಲ್ಲಿ ದೊಡ್ಡವರು ಸಣ್ಣವರು ಅನ್ನುವುದಿಲ್ಲ ಎಂದು ಜನ ನಂಟರ ಮುಂದೆ ಹೇಳಿಕೊಂಡು ಹಿಗ್ಗುತ್ತಿದ್ದರಂತೆ. ಗೌಡನ ಕಣದಲ್ಲಿ ಗುಬ್ಬಿಗಳು ತಿಂದು ಹೋಗುವುದೇ ಒಂದು ಹೆಡಿಗೆಗಿಂತ ಹೆಚ್ಚಿತ್ತು. ಕೂಲಿಯವರ ಮನೆಯಲ್ಲಿ ಅದೇ ಹೆಡಿಗೆ ಒಂದು ತಿಂಗಳ ರೊಟ್ಟಿ. ಇದು ಯಾರಿಗೂ ಕಾಣದ ಸಂಗತಿಯೇನಲ್ಲ. ಕಂಡರೂ ಪದ್ಧತಿ ಪದ್ಧತಿಯೇ ಎಂದು ಸುಮ್ಮನಿದ್ದರು.

ಒಂದು ವರ್ಷ ಶ್ರಾವಣ ಮುಗಿಯುವ ಮೊದಲೇ ಹಗೇವು ಬರಿದಾಯಿತಂತೆ. ಆ ಹೊತ್ತಿಗೆ ಸಾವಂತ್ರೆವ್ವನ ಮಗಳು ಹೊನ್ನವ್ವ ತವರಿಗೆ ಬಂದು ಹಡೆದಿದ್ದಳು. ಬಾಣಂತಿಗೆ ಅಂಬಲಿ ಕಾಯಿಸಲೂ ಹಿಟ್ಟಿಲ್ಲ. ಸಾವಂತ್ರೆವ್ವ ಬುಟ್ಟಿ ಹಿಡಿದು ಹೋದಳು. ಹಗೇವಿಗೆ ಇಳಿದವನು ಒಂದು ಹಿಡಿ ದೂಳು, ನಾಲ್ಕು ನುಸಿ ಹತ್ತಿದ ಕಾಳು ತಂದು ತೋರಿಸಿದ. ಅವಳು ಅಲ್ಲಿಂದ ನೇರ ಗೌಡನ ಮನೆಗೆ ಹೋದಳು. ಗೌಡ ಬೀಗರ ಊರಿಗೆ ಮದುವೆಗೆ ಹೋಗಿದ್ದ. ಅವನ ಅಪ್ಪಣೆ ಇಲ್ಲದೆ ಕಣಜದ ಬಾಯಿ ತೆಗೆಯುವಂತಿಲ್ಲ, ಅವರು ಬರುವತನಕ ತಡಿ ಎಂದರಂತೆ ಮನೆಯವರು. ಅವಳು ತಡೆದಳು. ದಿನಾ ಹೋಗಿ ಆ ಬಾಗಿಲಲ್ಲಿ ಕುಳಿತು ಬಂದಳು.

ಗೌಡ ಜಿಪುಣನಲ್ಲ. ಬಂದವನೇ ವಿಷಯ ಕೇಳಿ, ಮನೆಯವರನ್ನು ಗದರಿಸಿ, ತಾನೇ ಎದ್ದು ಒಳಗೆ ಹೋಗಿ ಮೊರದ ತುಂಬ ಜೋಳ, ಮೇಲೆ ಒಂದು ಹಿಡಿ ಬೆಲ್ಲ ಹಾಕಿ ಕೊಟ್ಟ. ಆದರೆ ಅಷ್ಟರಲ್ಲಿ ಹೊನ್ನವ್ವನ ಎದೆಯಲ್ಲಿ ಹಾಲು ಬತ್ತಿತ್ತು. ಕೂಸು ಉಳಿಯಲಿಲ್ಲ.

ಆ ಮಳೆಗಾಲವನ್ನೆಲ್ಲ ಸಾವಂತ್ರೆವ್ವ ಬಿದಿರು ಸೀಳುತ್ತಲೇ ಕಳೆದಳಂತೆ. ಅಳಲಿಲ್ಲ ಎಂದು ಕೆಲವರು ಹೇಳುತ್ತಾರೆ, ಅದು ಸುಳ್ಳು. ಅತ್ತಿರುತ್ತಾಳೆ, ಯಾರೂ ನೋಡಿರಲಿಕ್ಕಿಲ್ಲ. ಬಿದಿರಿನ ಸಿಬರು ಕೈಗೆ ಚುಚ್ಚಿದಾಗಲೆಲ್ಲ ಅವಳಿಗೆ ಒಂದೇ ಯೋಚನೆ ಬರುತ್ತಿತ್ತು. ಹಗೇವು ತುಂಬದೆ ಉಳಿದದ್ದು ಹೆಡಿಗೆಯಿಂದ, ಹೆಡಿಗೆ ಹೆಣೆದದ್ದು ಈ ಕೈ. ಇಷ್ಟು ವರ್ಷ ಎಲ್ಲರಿಗೂ ಒಂದೇ ಅಳತೆ ಎಂದು ತಾನೂ ಹೆಮ್ಮೆಯಿಂದಲೇ ಹೆಣೆದಿದ್ದಳಲ್ಲ, ಅದು ಅವಳನ್ನು ಸುಟ್ಟಿತು.

ಮುಂದಿನ ಸುಗ್ಗಿ ಹತ್ತಿರ ಬಂತು. ಆ ಸಲ ಕಟ್ಟೆಯ ಮೇಲೆ ಇದ್ದದ್ದು ಒಂದೇ ಹೆಡಿಗೆಯಲ್ಲ. ಊರಲ್ಲಿ ಎಷ್ಟು ಮನೆಯೋ ಅಷ್ಟು ಇದ್ದವು. ಗಡಿಗೆಯಲ್ಲಿ ಕಾಳು ಇಟ್ಟುಕೊಳ್ಳುವ ಬಡವರಿಗೆ ಒಂದು ಹಿಡಿ ತುಂಬುವ ಪುಟ್ಟ ಬುಟ್ಟಿ. ಒಂದು, ಎರಡು ಕಣಜ ಇದ್ದವರಿಗೆ ಹಳೆಯ ಹೆಡಿಗೆಯಷ್ಟೇ. ಮೂರು, ನಾಲ್ಕು ಇದ್ದವರಿಗೆ ಅದಕ್ಕಿಂತ ದೊಡ್ಡದು. ದುಂಡನಗೌಡನ ಹೆಸರಿನ ಹೆಡಿಗೆ ಮಾತ್ರ ಕಟ್ಟೆಯ ಮೇಲೆ ಹಿಡಿಸದೆ ಕೆಳಗೆ ನಿಂತಿತ್ತು. ಎಂಟು ಜನ ಹೊರಬೇಕಿತ್ತು ಎಂದು ಒಬ್ಬರು, ಅದರೊಳಗೆ ಹಸು ಕರು ಎರಡೂ ಮಲಗುತ್ತಿದ್ದವು ಎಂದು ಇನ್ನೊಬ್ಬರು ಹೇಳುತ್ತಾರೆ. ಹೇಳುವವರ ಬಾಯಲ್ಲಿ ಅದು ವರ್ಷ ವರ್ಷ ಬೆಳೆದಿದೆ, ಬೆಳೆಯಲಿ ಬಿಡಿ.

ಊರು ಸೇರಿತು. ಗೌಡ ಬಂದು ತನ್ನ ಹೆಡಿಗೆಯನ್ನು ಸುತ್ತಿ ನೋಡಿದ, ನಕ್ಕ.

"ಅಲ್ಲಬೇ ಸಾವಂತ್ರೆವ್ವಾ, ನಾ ಏನ್ ತಪ್ಪ ಮಾಡೇನಿ? ದುಡದೇನಿ, ಬೆಳದೇನಿ. ಗುಡಿಗೆ ಎಣ್ಣಿ ನಂದು, ಹಬ್ಬಕ್ಕ ಹೋಳಿಗಿ ನಂದು. ಕೇಳಿದವ್ರಿಗೆ ಯಾವತ್ತರ ಇಲ್ಲ ಅಂದೇನೇನು? ನಿನ್ನ ಮನಿಗೂ ಕೊಟ್ಟೇನಲ್ಲ."

"ಕೊಟ್ರಿ ಯಪ್ಪಾ," ಎಂದಳಂತೆ ಸಾವಂತ್ರೆವ್ವ. "ನೀವು ಊರಿಂದ ಬರೂತನಕ ಕೂಸು ಕಾಯಲಿಲ್ಲ."

ಆಮೇಲೆ ಅವಳು ತನ್ನ ಲೆಕ್ಕ ಹೇಳಿದಳು. ಮನೆಯ ಮೊದಲನೆಯ ಕಣಜ ಉಣ್ಣುವುದಕ್ಕೆ, ಅದರಿಂದ ಹಳೆಯ ಹೆಡಿಗೆಗಿಂತ ಹೆಚ್ಚು ಯಾರೂ ಕೇಳಬಾರದು. ಎರಡನೆಯದು ಬೀಜಕ್ಕೆ, ಬೀಗರಿಗೆ, ಮದುವೆ ಮುಂಜಿಗೆ. ಅದರಾಚೆಯದನ್ನು ಮನೆಯವರು ಉಣ್ಣುವುದಿಲ್ಲ, ಇಲಿ ಉಣ್ಣುತ್ತದೆ. ಹಾಗಾಗಿ ಆಚೆಯ ಕಣಜ ಹೆಚ್ಚಿದಷ್ಟೂ ಹೆಡಿಗೆ ಹೆಚ್ಚಬೇಕು. ತನಗೆ ಯಾರ ದಾನವೂ ಬೇಡ, ದಾನಕ್ಕೆ ಬಾಗಿಲಲ್ಲಿ ಕೂತು ಸಾಕಾಗಿದೆ, ಹಗೇವಿನ ಮುಂದೆ ಯಾರೂ ಕೂರಬೇಕಾಗಿಲ್ಲ ಎಂದಳು.

ಗೌಡನಿಗೆ ಈಗ ನಗು ಬರಲಿಲ್ಲ. ಹೀಗಾದರೆ ತನ್ನ ಕಣವನ್ನೇ ಹೊಳೆಯಾಚೆಯ ಊರಿಗೆ ಒಯ್ಯುತ್ತೇನೆ, ರಾಶಿಯೂ ಅಲ್ಲೇ, ಕೂಲಿಯೂ ಅಲ್ಲಿಯವರಿಗೇ, ಆಮೇಲೆ ಈ ಊರು ತನ್ನ ಹಗೇವಿಗೆ ಏನು ತುಂಬುತ್ತದೋ ತುಂಬಲಿ ಎಂದು ಎದ್ದು ಹೋದ.

ಊರಿಗೆ ಕೈಕಾಲು ಆಡಲಿಲ್ಲ. ಅಂದಿನಿಂದ ಸಾವಂತ್ರೆವ್ವನ ಬಾಗಿಲಿಗೆ ಜನ ಬರತೊಡಗಿದರು. ಬಂದವರು ಕಣಜದವರಲ್ಲ, ಗಡಿಗೆಯವರು. ಗೌಡ್ರು ಹೋದರೆ ನಮ್ಮ ಕೂಲಿ ಹೋಗುತ್ತದೆ, ನೀನೇನು ಅನ್ನ ಹಾಕುತ್ತೀಯಾ ಎಂದರು. ಹಳೆಯ ಹೆಡಿಗೆಯನ್ನೇ ಹೆಣೆದು ಕೊಟ್ಟುಬಿಡು ಎಂದು ಕೈ ಮುಗಿದರು. ಎಲ್ಲರಿಗಿಂತ ಹೆಚ್ಚು ಹಾರಾಡಿದವನು ಈರಪ್ಪ ಎಂಬವನಂತೆ. ನಾಳೆ ನನಗೂ ಏಳು ಕಣಜ ಆದರೆ ಆಗ ನನ್ನ ಗತಿ ಏನು ಎಂದು ಅವನ ವಾದ. ಈರಪ್ಪನ ಗುಡಿಸಿಲಲ್ಲಿ ಒಂದು ಕಣಜ ಇಡಬೇಕೆಂದರೆ ಹೆಂಡತಿ ಮಕ್ಕಳು ಹೊರಗೆ ಮಲಗಬೇಕಿತ್ತು. ಅವನಿಗೆ ಹಿಡಿ ತುಂಬುವ ಬುಟ್ಟಿ ಬಂದಿತ್ತು, ಅದನ್ನು ಅವಳ ಮುಂದೆಯೇ ತುಳಿದು ಹೋದ.

ಗೌಡನ ಮಾತಿಗೆ ಸಾವಂತ್ರೆವ್ವ ದಣಿದಿರಲಿಲ್ಲ. ತನ್ನ ಓಣಿಯವರ ಮಾತಿಗೆ ದಣಿದಳು. ಆದರೂ ಹಳೆಯ ಹೆಡಿಗೆ ಹೆಣೆಯಲಿಲ್ಲ. ಈ ಹೆಡಿಗೆಗಳನ್ನು ಒಪ್ಪುವತನಕ ಊರಿಗೆ ಒಂದು ಮೊರವನ್ನೂ ಕೊಡುವುದಿಲ್ಲ ಎಂದು ಬಾಗಿಲು ಹಾಕಿಕೊಂಡಳು. ಹಳೆಯ ಮೊರಗಳು ಹೋದ ಸುಗ್ಗಿಯಲ್ಲೇ ಸವೆದು ಹರಿದಿದ್ದವು, ಹೊಸ ಮೊರ ಇಲ್ಲದೆ ಕಣದಲ್ಲಿ ಕಾಳು ತೂರುವುದು ಹೇಗೆ? ಗೌಡ ಬೇರೆ ಊರಿನ ಮೇದಾರನಿಗೆ ಹೇಳಿಕಳಿಸಿದ. ಅವನು ಬಂದ, ಸಾವಂತ್ರೆವ್ವನ ಮನೆಯಲ್ಲಿ ನೀರು ಕುಡಿದ, ತವರಲ್ಲೇ ಉಳಿದುಬಿಟ್ಟಿದ್ದ ಹೊನ್ನವ್ವನ ಮುಖ ನೋಡಿದ, ಬಂದ ದಾರಿಯಲ್ಲೇ ತಿರುಗಿ ಹೋದ ಎನ್ನುತ್ತಾರೆ. ಹೊಳೆಯಾಚೆಯ ಊರಿನವರು ಗೌಡನಿಗೆ ಎಲೆ ಅಡಿಕೆ ಕೊಟ್ಟು ಕರೆದರು, ಮರುದಿನ ಇದನ್ನೂ ತುಂಬಿ ಎಂದು ತಮ್ಮ ಹಗೇವಿನ ಬಾಯಿ ತೋರಿಸಿದರು ಎಂದೂ ಹೇಳುತ್ತಾರೆ. ಇದು ನಡೆದದ್ದೋ, ಚೆನ್ನಾಗಿದೆ ಎಂದು ಆಮೇಲೆ ಯಾರೋ ಸೇರಿಸಿದ್ದೋ ತಿಳಿಯದು.

ತಿಳಿದದ್ದು ಇಷ್ಟು. ಗೌಡನ ಜೋಳವೆಲ್ಲ ತುಳಿಸಿಯಾಗಿ ಈ ಊರಿನ ಕಣದಲ್ಲೇ ಹೊಟ್ಟಿನ ಸಮೇತ ಬಿದ್ದಿತ್ತು. ಅಕಾಲದಲ್ಲಿ ಮೋಡ ಕಟ್ಟಿತು. ಒಂದು ಮಳೆ ಬಿದ್ದರೆ ವರ್ಷದ ರಾಶಿ ಕಪ್ಪಾಗಿ ಮೊಳಕೆ ಒಡೆಯುತ್ತದೆ. ಗೌಡ ತಾನೇ ನಡೆದು ಸಾವಂತ್ರೆವ್ವನ ಬಾಗಿಲಿಗೆ ಬಂದು ನಿಂತ. "ಆತಬೇ, ಹಾಕತೇನಿ" ಎಂದ. ಅವಳು ಬಾಗಿಲು ತೆಗೆದರೆ ಒಳಗೆ ಜಂತಿಯತನಕ ಹೊಸ ಮೊರಗಳು! ಇಷ್ಟು ದಿನವೂ ಒಳಗೆ ಕೂತು ಹೆಣೆಯುತ್ತಲೇ ಇದ್ದಳು. ಕಾಳು ಹಾಳಾಗಲಿ ಎಂದು ಅವಳು ಯಾವತ್ತೂ ಬಯಸಿರಲಿಲ್ಲ.

ಆ ವರ್ಷ ದೊಡ್ಡ ಹೆಡಿಗೆ ಹಗೇವಿಗೆ ಬಂತು. ಜೋಳ ಸುರಿದ ಸದ್ದು ಹೊಳೆಯಾಚೆಗೆ ಕೇಳಿಸಿತಂತೆ. ಆ ಶ್ರಾವಣದಲ್ಲಿ ಯಾರ ಮನೆಯ ಒಲೆಯೂ ಆರಲಿಲ್ಲ, ಗೌಡನ ಮನೆಯಲ್ಲಿ ಒಂದು ಹೋಳಿಗೆಯೂ ಕಡಿಮೆಯಾಗಲಿಲ್ಲ. ಮರುವರ್ಷವೂ ಹಾಗೇ ನಡೆಯಿತು, ಅದರ ಮರುವರ್ಷವೂ. ಬುಟ್ಟಿ ತುಳಿದ ಈರಪ್ಪ ಕೂಡ ಬಂದು ಜೋಳ ಒಯ್ದ. ಯಾಕೆ ಎಂದು ಅವನನ್ನೂ ಯಾರೂ ಕೇಳಲಿಲ್ಲ.

ಕತೆಯನ್ನು ಇಲ್ಲಿಗೆ ನಿಲ್ಲಿಸುವವರಿದ್ದಾರೆ. ಮಕ್ಕಳಿಗೆ ಹೇಳುವಾಗ ಹಾಗೆ ನಿಲ್ಲಿಸುವುದೇ ವಾಸಿ. ನೀವು ದೊಡ್ಡವರು, ಉಳಿದದ್ದನ್ನೂ ಕೇಳಿಬಿಡಿ.

ಕೆಲವು ಸುಗ್ಗಿ ಕಳೆದ ಮೇಲೆ ದುಂಡನಗೌಡ ಊರ ಮುಂದೆ ಒಂದು ಮಾತು ಎತ್ತಿದ. ಇಷ್ಟು ಜನರನ್ನು ಉಳಿಸಿದ ಹೆಡಿಗೆ ಸಾಮಾನ್ಯದ್ದಲ್ಲ, ಇದನ್ನು ಕಣದ ದೂಳಲ್ಲಿ ಎಳೆದಾಡುವುದು ತಪ್ಪು, ಇದು ಗುಡಿಯಲ್ಲಿರಬೇಕು ಎಂದ. ಅಂಚಿಗೆ ಬೆಳ್ಳಿಯ ಕಟ್ಟು ಹಾಕಿಸಿದ. ಅದು ಕಪಟವೋ ಭಕ್ತಿಯೋ ಯಾರಿಗೂ ಗೊತ್ತಿಲ್ಲ, ಎರಡೂ ಇದ್ದಿರಬಹುದು. ಊರಿಗೆಲ್ಲ ಊಟ ಹಾಕಿಸಿದ, ಸಾವಂತ್ರೆವ್ವನಿಗೆ ಇಳಕಲ್ ಸೀರೆ ಉಡಿಸಿದ. ಜನ ಕಣ್ಣೀರು ಹಾಕಿಕೊಂಡು ಹೆಡಿಗೆಗೆ ಅರಿಶಿನ ಕುಂಕುಮ ಹಚ್ಚಿದರು. ಅದನ್ನು ಹನುಮಪ್ಪನ ಪಕ್ಕದಲ್ಲಿ ಇಟ್ಟರು.

ಸುಗ್ಗಿ ಬಂತು. ದೊಡ್ಡ ಹೆಡಿಗೆ ದೇವರದಾಗಿಬಿಟ್ಟಿತ್ತು. ಸಾವಂತ್ರೆವ್ವ ಹೋಗಿ ಬಿದಿರು ತಂದು ಅಷ್ಟೇ ದೊಡ್ಡ ಇನ್ನೊಂದು ಹೆಣೆದಳು. ಒಂದು ದೇವರದಾಗಿರುವಾಗ ಅದರಂತೆಯೇ ಇನ್ನೊಂದು ಮಾಡುವುದು ಅಪಚಾರ ಎಂದರು ಜನ, ಅದನ್ನು ಹೊಳೆಗೆ ಬಿಟ್ಟರು. ಈ ಒಂದು ಸಲಕ್ಕೆ ಹಳೆಯ ಪದ್ಧತಿಯಂತೆ ಮನೆಗೊಂದು ಸಣ್ಣ ಹೆಡಿಗೆ ಸಾಕು ಎಂದರು.

ಆಗ ಅವಳು ಗುಡಿಗೆ ಹೋಗಿ ದೇವರ ಪಕ್ಕದ ಹೆಡಿಗೆಗೇ ಕೈ ಹಾಕಿದಳಂತೆ. ಮುದುಕಿ, ಬೆರಳು ಮಡಚಲು ಬಾರದು, ಆದರೂ ಎಳೆದಳು. ಗೌಡ ತಡೆಯಲಿಲ್ಲ. ಅವನು ಅಲ್ಲಿ ಇರಲೂ ಇಲ್ಲ. ತಡೆದವರು ಅವಳ ಓಣಿಯ ಹೆಂಗಸರು. ಅವಳ ಎರಡೂ ಕೈ ಹಿಡಿದುಕೊಂಡರು.

"ಬ್ಯಾಡಬೇ ಯವ್ವಾ," ಎಂದಳಂತೆ ಒಬ್ಬಳು, "ನನ್ನ ಮಗನ ಜ್ವರ ಬಿಟ್ಟಿದ್ದು ಇದಕ್ಕ ಕಾಯಿ ಒಡಸ್ತೇನಿ ಅಂತ ಬೇಡಿಕೊಂಡ ಮ್ಯಾಲ. ಇದನ್ನ ಮುಟ್ಟಬ್ಯಾಡ."

ಸಾವಂತ್ರೆವ್ವ ಆ ಹೆಂಗಸಿನ ಮುಖ ನೋಡಿದಳು. ಕೈ ಬಿಟ್ಟಳು. ಅವಳಿಗೆ ಸಿಟ್ಟು ಬರಲಿಲ್ಲ ಎನ್ನುತ್ತಾರೆ, ಸಾಕಾಗಿತ್ತು. ಮನೆಗೆ ಹೋಗಿ ಬಾಗಿಲ ಹೊಸ್ತಿಲ ಮೇಲೆ ಕುಳಿತು, ಹೊನ್ನವ್ವ ಊಟಕ್ಕೆ ಕರೆದರೂ ಏಳಲಿಲ್ಲ. ಆ ವರ್ಷ ಶ್ರಾವಣ ಬರುವ ಮೊದಲೇ ಅವಳು ಹೋದಳು. ಹಗೇವು ಬರಿದಾದದ್ದನ್ನು ನೋಡಲಿಲ್ಲ ಎನ್ನುವುದಷ್ಟೇ ಸಮಾಧಾನ.

ಈಗಲೂ ಆ ಊರಿನಲ್ಲಿ ಸುಗ್ಗಿ ಮುಗಿದ ಮೇಲೆ ಸಾವಂತ್ರೆವ್ವನ ಪೂಜೆ ಮಾಡುತ್ತಾರೆ. ಬೆಳ್ಳಿಯ ಕಟ್ಟಿನ ಹೆಡಿಗೆಯನ್ನು ಹೊರಗೆ ತರುತ್ತಾರೆ. ಮೊದಲ ಕಾಯಿ ಗೌಡರ ಮನೆಯವರದು, ಹೆಗಲು ಕೊಡುವವರೂ ಅವರೇ. ಖಾಲಿ ಹೆಡಿಗೆ, ಅಂಥ ಭಾರವೇನಿಲ್ಲ. ಅದನ್ನು ಹಗೇವಿನ ಸುತ್ತ ಹೊತ್ತು ತಂದು ಗುಡಿಯೊಳಗೆ ಇಟ್ಟ ಮೇಲೆ ಊರವರು ಮನೆಗೊಂದು ಸಣ್ಣ ಹೆಡಿಗೆ ಜೋಳ ತಂದು ಸುರಿಯುತ್ತಾರೆ.

ಒಂದು ವರ್ಷ ಬೇರೆ ಊರಿನಿಂದ ಮದುವೆಯಾಗಿ ಬಂದ ಕೂಲಿಯವರ ಮನೆಯ ಸೊಸೆ ಕೇಳಿದಳಂತೆ, ಗೌಡರ ಮನೆಯ ಜೋಳವನ್ನು ಈ ದೊಡ್ಡ ಹೆಡಿಗೆಯಲ್ಲಿ ಯಾಕೆ ತರಬಾರದು ಎಂದು. ಅವಳ ಅತ್ತೆ ಗಾಬರಿಯಿಂದ ಗಲ್ಲ ಗಲ್ಲ ಬಡಿದುಕೊಂಡಳು.

"ಬಿಡ್ತು ಅನ್ನು. ದೇವರ ಹೆಡಿಗೆಯಾಗ ಕಾಳು ಹಾಕಿದ್ರ ಮೈಲಿಗಿ ಆಕ್ಕೈತಿ."

ಸೊಸೆಯೂ ಗಲ್ಲ ಬಡಿದುಕೊಂಡಳು.