ದಾಕ್ಷಿಣ್ಯದ ಮೇಸ್ತ್ರಿ

ಹಣ್ಣಿನ ಮರಗಳೇ ತುಂಬಿದ್ದ ಒಂದು ಕಾಡಿನಲ್ಲಿ ಹೊನ್ನಕೊಕ್ಕ ಎಂಬ ಮಂಗಟ್ಟೆ ಹಕ್ಕಿ ತನ್ನ ಹೆಂಡತಿ ಚಿಗುರಿಯ ಜೊತೆ ವಾಸವಾಗಿದ್ದ. ತುಂಬ ಒಳ್ಳೆಯವನು. ಅಷ್ಟು ದೊಡ್ಡ ಕೊಕ್ಕಿದ್ದರೂ 'ಇಲ್ಲ' ಎನ್ನುವ ಒಂದು ಮಾತು ಅದರಿಂದ ಹೊರಡುತ್ತಿರಲಿಲ್ಲ.

ಮಂಗಟ್ಟೆಗಳಲ್ಲಿ ಒಂದು ಪದ್ಧತಿಯಿದೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಸೇರುತ್ತದೆ. ಪೊಟರೆಯ ಬಾಯನ್ನು ಮಣ್ಣಿನಿಂದ ಮೆತ್ತಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಡುತ್ತಾರೆ. ಗಂಡು ಹಣ್ಣು ತಂದು ಆ ಸೀಳಿನಿಂದಲೇ ತಿನ್ನಿಸುತ್ತದೆ. ಹೋದ ವರ್ಷ ಈ ಗೋಡೆ ಬಿರುಕು ಬಿಟ್ಟಿತ್ತು. ಉಡವೊಂದು ಒಳಗೆ ನುಗ್ಗಿ ಮೊಟ್ಟೆಗಳನ್ನೆಲ್ಲ ನುಂಗಿತ್ತು. ಚಿಗುರಿ ಎಷ್ಟೋ ದಿನ ಅತ್ತಿದ್ದಳು. ಈ ಸಲ ಬಲ್ಲವರ ಕೈಯಲ್ಲೇ ಗೋಡೆ ಕಟ್ಟಿಸಬೇಕೆಂದು ಇಬ್ಬರೂ ನಿಶ್ಚಯಿಸಿದರು.

ಬಂಡೆಗಳಲ್ಲಿ ಮಣ್ಣಿನ ಗೂಡು ಕಟ್ಟಿ ಹೆಸರಾಗಿದ್ದ ಅಂಬರಗುಬ್ಬಿ ನೀಲವ್ವ ಬಂದಳು. ಬಂದವಳೇ ಕೇಳತೊಡಗಿದಳು.

"ನಿನ್ನ ಹೆಂಡತಿಯ ಕೊಕ್ಕು ಎಷ್ಟು ದಪ್ಪ? ಬಿಸಿಲು ಯಾವ ಕಡೆಯಿಂದ ಬೀಳುತ್ತೆ? ಹೋದ ಸಲ ಬಿರುಕು ಬಿಟ್ಟದ್ದು ಮೇಲೋ ಕೆಳಗೋ?"

ಉತ್ತರ ಹೇಳಿ ಹೇಳಿ ಹೊನ್ನಕೊಕ್ಕನಿಗೆ ಸಾಕಾಯಿತು. ನಾಳೆ ಹೇಳುತ್ತೇನೆ ಎಂದು ಅವಳನ್ನು ಕಳಿಸಿದ.

ಅಷ್ಟರಲ್ಲಿ ಕಾಗೆ ಕಪ್ಪಣ್ಣ ಹಾರಿಬಂದ.

"ಏನಣ್ಣಾ, ನಾನಿರುವಾಗ ಹೊರಗಿನವರನ್ನ ಕರೆಸೋದಾ? ಒಂದೇ ಆಲದ ಮರದಲ್ಲಿ ಹಣ್ಣು ತಿಂದವರು ನಾವು!"

"ನೀನು ಮಣ್ಣಿನ ಕೆಲಸ ಮಾಡಿದ್ದೀಯೇನಪ್ಪಾ?"

"ಅದರಲ್ಲೇನಿದೆ ಅಣ್ಣಾ? ಒದ್ದೆಯಾದರೆ ಕೆಸರು, ಒಣಗಿದರೆ ಗೋಡೆ."

ಅವನು ಹೋದ ಮೇಲೆ ಚಿಗುರಿ ಸಿಡುಕಿದಳು. "ತನ್ನ ಗೂಡಲ್ಲಿ ಕೋಗಿಲೆ ಮೊಟ್ಟೆಯಿಟ್ಟು ಹೋದರೂ ಅವನಿಗೆ ಗೊತ್ತಾಗಲ್ಲ. ಅವನು ನನ್ನ ಮೊಟ್ಟೆಗಳಿಗೆ ಗೋಡೆ ಕಟ್ಟುತ್ತಾನಾ?"

"ಬೇಡ ಅಂದರೆ ಬೇಜಾರು ಮಾಡ್ಕೊತಾನೆ ಕಣೇ, ಪಾಪ. ಆ ನೀಲವ್ವನ್ನ ನೋಡು, ಎಷ್ಟು ಪ್ರಶ್ನೆ! ಕೆಲಸ ಬರೋರು ಅಷ್ಟೊಂದು ಕೇಳ್ತಾರಾ? ಇವನು ಒಂದನ್ನೂ ಕೇಳಲಿಲ್ಲ."

ಕೆಲಸ ಕಪ್ಪಣ್ಣನಿಗೇ ಸಿಕ್ಕಿತು. ನೀಲವ್ವ ಬೇರೆ ಕಡೆ ಕೆಲಸ ಒಪ್ಪಿಕೊಂಡಳು.

ಕಪ್ಪಣ್ಣನ ತಲೆಯಲ್ಲಿದ್ದುದು ಗೋಡೆಯಲ್ಲ, ಮೊಟ್ಟೆ. ಚಿಗುರಿ ಎಲ್ಲಿ ಮೊಟ್ಟೆಯಿಡುತ್ತಾಳೆಂದು ನೋಡಿಟ್ಟುಕೊಂಡರೆ ಮುಂದೆ ಸೀಳಿನಿಂದ ಕದಿಯಬಹುದು ಎಂದು ಅವನ ಲೆಕ್ಕಾಚಾರ. "ಒಳಗಿನಿಂದ ಮೆತ್ತಿದರೇ ಗಟ್ಟಿ" ಎಂದು ಅವಳ ಹಿಂದೆಯೇ ಪೊಟರೆಗೆ ನುಗ್ಗಿದ. ಹೊನ್ನಕೊಕ್ಕ ಹೊರಗಿನಿಂದ ಕೆಸರು ತಂದುಕೊಟ್ಟ. ಕಪ್ಪಣ್ಣ ಒಂದು ಕಣ್ಣು ಚಿಗುರಿ ಕೂತ ಮೂಲೆಯ ಮೇಲಿಟ್ಟು ಬಾಗಿಲಿಗೆ ಮೆತ್ತುತ್ತಲೇ ಹೋದ. ಸೀಳು ಬಿಡುವುದೂ ಮರೆತುಹೋಯಿತು. ಸಂಜೆಯ ಹೊತ್ತಿಗೆ ಗೋಡೆ ಒಣಗಿ ನಿಂತಿತು.

"ಭೇಷ್!" ಎಂದ ಹೊನ್ನಕೊಕ್ಕ.

ಒಳಗಿನಿಂದ ಸಣ್ಣ ದನಿ ಕೇಳಿಸಿತು. "ಅಣ್ಣಾ, ನಾನು ಹೊರಗೆ ಬರೋದು ಹೇಗೆ?"

ಚಿಗುರಿಯ ಕೊಕ್ಕು ಮೊದಲು ಮೇಸ್ತ್ರಿಯ ಬೆನ್ನ ಮೇಲೆ ಬಿತ್ತು, ಆಮೇಲೆ ಗೋಡೆಯ ಮೇಲೆ. ಗೋಡೆಗೆ ಎರಡೇ ಏಟು ಸಾಕಾಯಿತು. ಕಪ್ಪಣ್ಣ ಕಟ್ಟಿದ ಗೋಡೆ ತಾನೇ! ಅವನು ಉರುಳಿಕೊಂಡು ಹೊರಬಿದ್ದದ್ದು ನೇರವಾಗಿ ಮರ ಹತ್ತುತ್ತಿದ್ದ ಉಡದ ಮುಂದೆ. ಬಾಲದ ಗರಿಗಳನ್ನೆಲ್ಲ ಅದರ ಬಾಯಲ್ಲಿ ಬಿಟ್ಟು, ಕಿರುಚುತ್ತ ಕಾಡು ಬಿಟ್ಟೇ ಹೋದ.

ಮರುದಿನವೇ ಚಿಗುರಿ ಮೊಟ್ಟೆಯಿಟ್ಟಳು. ನೀಲವ್ವನಿಗೆ ಮಳೆಗಾಲದವರೆಗೆ ಬಿಡುವಿಲ್ಲ. ಉಡವೋ ಬುಡದಲ್ಲೇ ಕೂತಿತ್ತು. ಬೇರೆ ದಾರಿ ಕಾಣದೆ ಹೊನ್ನಕೊಕ್ಕ ತಾನೇ ಪೊಟರೆಯ ಬಾಯಲ್ಲಿ ತುರುಕಿಕೊಂಡು, ಕೊಕ್ಕು ಹೊರಗೆ ಚಾಚಿ ಕೂತ. ಒಂದು ದಿನವಲ್ಲ, ಎರಡು ದಿನವಲ್ಲ, ಮರಿಗಳು ಹಾರುವವರೆಗೂ ಕೂತ. ಹೊರಗೆ ತಿರುಗಿ ಹಣ್ಣು ತರುವ ಕೆಲಸ ಚಿಗುರಿಯ ಪಾಲಿಗೆ ಬಂತು.

"ಈ ಸಲದ ಬಾಗಿಲು ಹೇಗಿದೆ ಚಿಗುರಿ?" ಎಂದು ದಾರಿಯಲ್ಲಿ ಹಕ್ಕಿಗಳು ಕೇಳುತ್ತಿದ್ದವು.

"ಗಟ್ಟಿಯಾಗೇನೋ ಇದೆ" ಎನ್ನುತ್ತಿದ್ದಳು ಅವಳು. "ಹಣ್ಣು ಮಾತ್ರ ತುಂಬ ತಿನ್ನುತ್ತೆ."

ನೀತಿ: ಕೆಲಸ ಬಾರದ ಪರಿಚಯದವನಿಗೆ ದಾಕ್ಷಿಣ್ಯಕ್ಕೆ ಕೆಲಸ ಕೊಟ್ಟರೆ, ಆ ಕೆಲಸ ಕೊನೆಗೆ ಕೊಟ್ಟವನ ತಲೆಗೇ ಬರುತ್ತದೆ.