ಹನಿ ಬೆಚ್ಚಗಾಗುವ ತನಕ

ಬಾರೊಂದರ ಮೇಜಿನ ಮುಂದೆ ಕೂತು ಇಬ್ಬರು ಗೆಳೆಯರು ಜಗಳಕ್ಕೆ ಬಿದ್ದಿದ್ದರು. ಒಬ್ಬನ ಮಗ್ಗಿನಲ್ಲಿ ಆ ಬಾರಿನವರೇ ತಯಾರಿಸಿದ ಕ್ರಾಫ್ಟ್ ಬಿಯರು, ಇನ್ನೊಬ್ಬನದರಲ್ಲಿ ಕಾರ್ಖಾನೆಯ ಬಾಟಲಿ ಬಿಯರು. ರುಚಿ ಬೇರೆಯೋ ಒಂದೆಯೋ ಎಂಬುದೇ ತಕರಾರು. ಅಲ್ಲೇ ಕೇಳುತ್ತ ಕೂತಿದ್ದ ನೊಣವೊಂದಕ್ಕೆ ಕುತೂಹಲ ತಡೆಯಲಾಗಲಿಲ್ಲ. ಕಾಲಿನಿಂದಲೇ ರುಚಿ ನೋಡುವ ಜಾತಿ ತನ್ನದು. ತಾನಲ್ಲದೆ ಇದನ್ನು ಇನ್ನಾರು ಬಗೆಹರಿಸಬೇಕು?

"ಸುಮ್ಮನಿರು ನೊಣಪ್ಪ," ಎಂದಿತು ಪಕ್ಕಕ್ಕೆ ಬಂದು ಕೂತ ಸೊಳ್ಳೆ. "ಇಬ್ಬರ ರಕ್ತವನ್ನೂ ಕುಡಿದು ಬಂದಿದ್ದೇನೆ. ಎಳ್ಳಷ್ಟೂ ವ್ಯತ್ಯಾಸವಿಲ್ಲ."

"ನೀನು ರಕ್ತ ಸೇರಿದ ಮೇಲೆ ರುಚಿ ನೋಡಿದೆ ಸೊಳ್ಳಕ್ಕ, ನಾನು ಸೇರುವ ಮೊದಲೇ ನೋಡುತ್ತೇನೆ," ಎಂದು ನೊಣ ಎರಡೂ ಮಗ್ಗುಗಳಿಂದ ಮೇಜಿನ ಮೇಲೆ ಆಗತಾನೆ ಚೆಲ್ಲಿದ್ದ ಒಂದೊಂದು ಹನಿಯಲ್ಲೂ ಕಾಲಿಟ್ಟಿತು. ಎರಡೂ ಮಂಜಿನಂತೆ ಕೊರೆಯುತ್ತಿದ್ದವು. ಕಾಲು ಜೋಮು ಹಿಡಿಯಿತೇ ಹೊರತು ರುಚಿ ಹತ್ತಲಿಲ್ಲ.

"ನಾನು ಹೇಳಲಿಲ್ಲವೆ?" ಸೊಳ್ಳೆ ನಕ್ಕಿತು.

ನೊಣ ಪಟ್ಟು ಬಿಡಲಿಲ್ಲ. ಎರಡು ಸಲ ಮೇಲೆರಗಿದ ಅಂಗೈಯಿಂದ ಕೂದಲೆಳೆಯಲ್ಲಿ ಪಾರಾಗಿ, ಹನಿಗಳು ಬೆಚ್ಚಗಾಗುವ ತನಕ ಕಾದು, ಮತ್ತೆ ಕಾಲಿಟ್ಟಿತು. ಒಂದರಲ್ಲಿ ಅಕ್ಕಿ ತೊಳೆದ ನೀರಿನ ಸಪ್ಪೆ. ಇನ್ನೊಂದರಲ್ಲಿ ಕಾವಲಿಯ ಮೇಲೆ ಕೆಂಪಾದ ರೊಟ್ಟಿಯ ಘಮ, ಅದರ ಬೆನ್ನಿಗೇ ಕಿತ್ತಳೆ ಸಿಪ್ಪೆಯ ಕಹಿ.

"ಬೇರೆ ಬೇರೆ!" ಎನ್ನುತ್ತ ತೀರ್ಪು ಹೇಳಲು ನೊಣ ಗೆಳೆಯರ ಕಿವಿಯ ಬಳಿಗೆ ಹಾರಿತು.

"ಥೂ, ದರಿದ್ರ ನೊಣ!" ಇಬ್ಬರೂ ಒಟ್ಟಿಗೇ ಕೈ ಬೀಸಿದರು. ಆಮೇಲೆ ಒಬ್ಬ ತನ್ನ ಮಗ್ಗು ಮುಟ್ಟಿ ಮುಖ ಕಿವುಚಿ, ಮಾಣಿಯನ್ನು ಕೂಗಿದ.

"ಬೆಚ್ಚಗಾಗಿ ರುಚಿಯೇ ಕೆಟ್ಟುಹೋಗಿದೆ. ಇವೆರಡನ್ನೂ ಚೆಲ್ಲಿ, ಫುಲ್ ಚಿಲ್ಡ್ ಇರೋದು ತನ್ನಿ. ಈ ಜಗಳ ಇವತ್ತೇ ತೀರಬೇಕು!"