ಕ್ಷಮೆ ಸಿಕ್ಕ ಟರ್ಕಿ ಕೋಳಿ

ಅಮೆರಿಕದಲ್ಲೊಂದು ಸೊಗಸಾದ ಪದ್ಧತಿಯುಂಟು ನೋಡಿ: ನವೆಂಬರಿನ ಹಬ್ಬದೂಟಕ್ಕೆ ಮುಂಚೆ ಅಧ್ಯಕ್ಷರು ಎಲ್ಲರೆದುರು ಟರ್ಕಿ ಕೋಳಿಯೊಂದಕ್ಕೆ ಪ್ರಾಣಭಿಕ್ಷೆ ಕೊಡುತ್ತಾರೆ. ಹಾಗೆ ಕತ್ತು ಉಳಿಸಿಕೊಂಡ ಕೋಳಿಯೊಂದು ಬೆರಗಾಗಿ ಶ್ವೇತಭವನದ ನಾಯಿಯನ್ನು ಕೇಳಿತು: “ನಾಯಣ್ಣ, ಇವರಿಗಿಂತ ದೊಡ್ಡವರು ಯಾರಾದರೂ ಇದ್ದಾರೆಯೇ?”

“ಇದ್ದಾರಮ್ಮ. ಹಗರಣ ಮುಚ್ಚಿಟ್ಟು ಸುಳ್ಳು ಹೇಳಿದರೆಂದು ಈ ತಿಂಗಳ ಚುನಾವಣೆಯಲ್ಲಿ ಓಟು ಹಾಕಿ ಇವರನ್ನೇ ಸೋಲಿಸಿದ್ದಾರೆ. ಜನವರಿಗೆ ನನ್ನ ಗಂಟುಮೂಟೆಯೂ ಹೊರಡುತ್ತೆ.”

ಕೋಳಿ ರೆಕ್ಕೆಯಿಂದ ಕತ್ತು ಮುಚ್ಚಿಕೊಂಡಿತು. “ಸೋತವರು ಕೊಟ್ಟ ಕ್ಷಮೆ ನಡೆಯುತ್ತದೆಯೇ?”

“ಜನವರಿವರೆಗೂ ಇವರ ಮಾತು ನಡೆಯುತ್ತೆ, ಹೆದರಬೇಡ. ಆ ಅಧಿಕಾರವೂ ಅವರೇ ಕೊಟ್ಟದ್ದು.”

“ಅಂಥವರು ಎಲ್ಲಿದ್ದಾರೆ?”

ನಾಯಿ ಬೇಲಿಯಾಚೆ ಮೂತಿ ತೋರಿಸಿತು. ಅಲ್ಲಿ ಹೆಂಗಸೊಬ್ಬಳು ಬನ್ನು ತಿನ್ನುತ್ತ ಬಸ್ಸಿಗೆ ಕಾಯುತ್ತಿದ್ದಳು.

ಕೋಳಿ ಕ್ಯಾಮೆರಾಗಳಿಗೆಲ್ಲ ಬೆನ್ನು ಮಾಡಿ, ಅವಳತ್ತ ತಿರುಗಿ, ಉದ್ದನೆಯ ಕತ್ತನ್ನು ನೆಲ ಮುಟ್ಟುವಷ್ಟು ಬಾಗಿಸಿತು.